ಚೇಡತ್ತಿಯೂ ತುಕ್ಕಿನ ಪೈಪೂ

ಮೊನ್ನೆ ಕಡಬ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರಬ್ಬರ್ ಶೀಟು ಹೇರಿಕೊಂಡ ಆಟೋ ಒಂದು ನಮ್ಮ ಪಕ್ಕದಲ್ಲೇ ಬಂದು ನಿಂತಿತು. ಜೊತೆಗಿದ್ದ ಮೊಮ್ಮಗಳು ಶಾಲನ್ನು ಮೂಗಿಗೆ ಒತ್ತಿಕೊಂಡಳು. ಹುಳಿ ಹಿಡಿದ ಹಾಲು, ಹೊಗೆ, ಅದರ ಹಿಂದಿನಿಂದ ಮೂಗಿಗೆ ಚುಚ್ಚುವ ಆಸಿಡ್ಡಿನ ಘಾಟು... ಗೊತ್ತಿಲ್ಲದವರಿಗೆ ಅದು ದುರ್ವಾಸನೆಯೇ. ನಾನು ಮಾತ್ರ ಆ ಆಟೋ ಹೊರಡುವವರೆಗೆ ಉಸಿರೆಳೆದುಕೊಳ್ಳುತ್ತಾ ನಿಂತೆ. "ಅಜ್ಜಿ, ಎಂತಕ್ಕೆ ನಗುದು ನೀವು?" ಎಂದು ಅವಳು ಕೇಳಿದಳು. ಅಷ್ಟು ಜನರ ನಡುವೆ ಹೇಳುವ ಸಂಗತಿಯಲ್ಲ ಅದು. ಬಾಯಿಯಲ್ಲಿ ಹೇಳಲು ನನಗೆ ಬರುವುದೂ ಇಲ್ಲ. ಅದಕ್ಕೇ ಮೊಮ್ಮಕ್ಕಳಾದ ನಿಮಗೆಲ್ಲ ಬರೆದಿಡುತ್ತಿದ್ದೇನೆ.

ನಾನು ಮದುವೆಯಾಗಿ ಈ ಮನೆಗೆ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಆಗ ನಮ್ಮ ಬೇಲಿಯಾಚೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬವೊಂದಿತ್ತು. ಗುಡ್ಡದ ತುಂಬ ರಬ್ಬರ್ ಇಟ್ಟವರು. ಯಜಮಾನರು ಬೇಗ ತೀರಿಕೊಂಡಿದ್ದರಿಂದ ಹಾಲಿಗೆ ಗಿಡ ಕೀಸುವವರನ್ನು ಎಬ್ಬಿಸುವುದರಿಂದ ಹಿಡಿದು ಶೀಟು ಒತ್ತುವ ರೋಲರ್ ತಿರುಗಿಸುವವರೆಗೆ ಎಲ್ಲವೂ ಆ ಮನೆಯ ಹೆಂಗಸಿನ ಕೈಯಲ್ಲೇ ಇತ್ತು. ಅವರನ್ನು ಎಲ್ಲರೂ ಚೇಡತ್ತಿ ಎನ್ನುತ್ತಿದ್ದರು. ಮಲಯಾಳದಲ್ಲಿ ಅತ್ತಿಗೆ ಎಂದು ಅರ್ಥವಂತೆ. ನನ್ನ ಅತ್ತೆಗೂ ಅವರು ಚೇಡತ್ತಿ, ನನಗೂ ಚೇಡತ್ತಿ, ಅಂಚೆಯವನಿಗೂ ಚೇಡತ್ತಿ. ಬಿಳಿ ರವಿಕೆ, ಹಿಂದೆ ಬೀಸಣಿಗೆಯ ಹಾಗೆ ನೆರಿಗೆ ಬಿಟ್ಟ ಬಿಳಿ ಮುಂಡು, ಕಿವಿಯ ಮೇಲ್ತುದಿಯಲ್ಲಿ ಬಂಗಾರದ ದೊಡ್ಡ ಬಳೆ. ಸ್ವರ ಎಂಥದ್ದೆಂದರೆ, ಅವರು ತಮ್ಮ ಬೆಕ್ಕನ್ನು ಊಟಕ್ಕೆ ಕರೆದರೆ ನಮ್ಮ ಬೆಕ್ಕೂ ಎದ್ದು ಹೋಗುತ್ತಿತ್ತು.

ನನ್ನದು ಇದಕ್ಕೆ ತೀರ ಉಲ್ಟಾ. ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಮಾಸ್ತರರು ಹಾಜರಿ ಕರೆದಾಗ ನನ್ನ ಹೆಸರಿಗೆ ಪಕ್ಕದ ಹುಡುಗಿಯೇ "ಬಂದಿದ್ದಾಳೆ ಸಾರ್" ಎನ್ನಬೇಕಿತ್ತು. ಮದುವೆಯಾದ ಮೇಲೂ ಬೇಲಿಯ ಹತ್ತಿರ ಚೇಡತ್ತಿ ಏನಾದರೂ ಕೇಳಿದರೆ ತಲೆ ಆಡಿಸಿ ಒಳಗೆ ಓಡುತ್ತಿದ್ದೆ.

ಮೊದಲ ಬಸಿರಿನ ಏಳನೇ ತಿಂಗಳಲ್ಲಿ ನನಗೆ ಬಯಕೆ ಮಾಡಿದರು. ನೀವು ಈಗ ಹಾಲ್ ಬುಕ್ ಮಾಡಿ ಸೀಮಂತ ಮಾಡುತ್ತೀರಲ್ಲ, ಅದೇ. ಹೂ ಮುಡಿಸಿ, ಬಗೆಬಗೆಯ ತಿಂಡಿ ಬಡಿಸಿ, ಬಸುರಿಯನ್ನು ಹೆರಿಗೆಗೆಂದು ತವರಿನವರ ಜೊತೆ ಕಳುಹಿಸಿಕೊಡುವುದು. ಇದಕ್ಕೆ ನನ್ನ ಅತ್ತೆಯ ಹತ್ತಿರ ನಿಯಮಗಳಿದ್ದವು. ಎಂಟನೇ ತಿಂಗಳಿಗೆ ಬಿದ್ದರೆ ಬಸುರಿಯನ್ನು ಕಳುಹಿಸುವ ಹಾಗಿಲ್ಲ. ಒಂಬತ್ತಕ್ಕೆ ದಾರಿಯ ಹೆದರಿಕೆ. ಹಾಗಾಗಿ ಏಳರಲ್ಲಿ ಹೋಗಲಾಗದವಳ ಹೆರಿಗೆ ಗಂಡನ ಮನೆಯಲ್ಲೇ. ಮತ್ತೊಂದು, ಹೂ ಮುಡಿದು ಹೊಸಿಲು ದಾಟಿದ ಬಸುರಿ ತಿರುಗಿ ಆ ಹೊಸಿಲು ದಾಟುವುದು ಮಗುವನ್ನು ಎತ್ತಿಕೊಂಡೇ. ನಡುವೆ ಒಳಗೆ ಬರುವ ಮಾತೇ ಇಲ್ಲ.

ನನಗೆ ನನ್ನ ಅಮ್ಮ ಬೇಕಿತ್ತು. ಅತ್ತೆ ಒಳ್ಳೆಯವರೇ, ಆದರೆ ಹೆರುವಾಗ ಕೂಗಬೇಕಾಗುತ್ತದೆ ಎಂದು ಕೇಳಿದ್ದೆ. ಅತ್ತೆಯೆದುರು ಜೋರಾಗಿ ಕೆಮ್ಮಲೂ ನಾಚುತ್ತಿದ್ದ ನಾನು ಕೂಗುವುದು ಹೇಗೆ? ನೋವಿಗಿಂತ ಹೆಚ್ಚಿಗೆ ನನ್ನನ್ನು ಕಾಡಿದ್ದು ಇದೇ. ಅಮ್ಮನೆದುರಾದರೆ ಕೂಗಬಹುದು, ಅತ್ತೆಯೆದುರು ಸಾಧ್ಯವೇ ಇಲ್ಲ. ಇದನ್ನು ನಿಮ್ಮ ಅಜ್ಜನಿಗೂ ನಾನು ಹೇಳಿರಲಿಲ್ಲ.

ಬಯಕೆ ನಡೆದದ್ದು ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ. ಅತ್ತೆಯ ಲೆಕ್ಕದಂತೆ ಶುಕ್ರವಾರಕ್ಕೆ ನನಗೆ ಎಂಟು. ಸುಳ್ಯದ ಆಚೆಯ ತವರಿನಿಂದ ಅಪ್ಪ, ಚಿಕ್ಕಮ್ಮ ಬಂದಿದ್ದರು. ಕಡಬದ ಅಂಬಾಸಿಡರ್ ಟ್ಯಾಕ್ಸಿ ಅಂಗಳದಲ್ಲಿ ನಿಂತಿತ್ತು. ಟ್ಯಾಕ್ಸಿಯವರು ಅದನ್ನು ತಾವೇ ಓಡಿಸುತ್ತಿದ್ದರು, ತಾವೇ ತೊಳೆಯುತ್ತಿದ್ದರು. ಅಂದು ಅದರ ಕನ್ನಡಿಗೆ ಸೇವಂತಿಗೆ ಮಾಲೆ ಕೂಡ ಹಾಕಿದ್ದರು. ನಾನು ಎಲ್ಲರಿಗೂ ನಮಸ್ಕರಿಸಿ, ಹೊಸಿಲು ದಾಟಿ, ತಲೆ ತಗ್ಗಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಕಾರು ಹೊರಟಿತು. ಅಂಗಳದ ಕೊನೆಯಲ್ಲಿ ನೀರಿನ ಕಣಿಯೊಂದಿತ್ತು, ಅದರ ಮೇಲೆ ಕಲ್ಲು ಹಾಸಿದ್ದರು. ಅಲ್ಲಿ ಹಿಂದಿನ ಚಕ್ರ ಜಾರಿ ಕಣಿಗೆ ಇಳಿಯಿತು. ಟ್ಯಾಕ್ಸಿಯವರು ಜೋರು ಕೊಟ್ಟು ಮೇಲೆ ಹತ್ತಿಸಲು ಹೋದರು. ಅಡಿಯಿಂದ 'ಕಟ್' ಎಂದಿತು. ಕಾರು ಹಿಂಗಾಲು ಮಡಚಿದ ಎಮ್ಮೆಯಂತೆ ಕೂತುಬಿಟ್ಟಿತು. ಗೇಟು ಇನ್ನೂ ಮುಂದೆಯೇ ಇತ್ತು.

ನನ್ನನ್ನು ಇಳಿಸಿದರು. ಜಡೆ ತುಂಬ ಹೂ, ಮೈತುಂಬ ಹೊಸ ಸೀರೆ, ಮುಂದೆ ಕೆಟ್ಟ ಕಾರು, ಹಿಂದೆ ದಾಟಬಾರದ ಹೊಸಿಲು. ಬೇಲಿಯಾಚೆ ಚೇಡತ್ತಿ ಪ್ರತ್ಯಕ್ಷರಾದರು.

"ಎಂತಾಯ್ತು? ಇವಳು ಹೋಗ್ಲಿಲ್ಲವಾ ಇನ್ನೂ?"

"ಅವಳು ಹೋಗಿ ಆಯ್ತು ಚೇಡತ್ತಿ," ಅತ್ತೆ ಹೇಳಿದರು. "ಕಾರು ಹೋಗ್ಲಿಲ್ಲ, ಅಷ್ಟೆ."

"ಹೋಗಿ ಆಯ್ತಾ? ಇಲ್ಲೇ ನಿಂತಿದ್ದಾಳಲ್ಲ!"

"ಕಾಣ್ಲಿಕ್ಕೆ ಇಲ್ಲಿ. ಲೆಕ್ಕಕ್ಕೆ ದಾರಿಯಲ್ಲಿ."

ಚೇಡತ್ತಿ ಬೇಲಿಗೆ ಇನ್ನಷ್ಟು ಹತ್ತಿರ ಬಂದರು. "ಹಾಗಾದ್ರೆ ದಾರಿಯಲ್ಲಿ ಇರುವವಳು ನಮ್ಮ ಮನೆಗೆ ಬರ್ಬಹುದಲ್ಲ? ನಿಮ್ಮ ಹೊಸಿಲಿಗೆ ತಾನೇ ತೊಂದರೆ? ಬಾ ಮೋಳೆ."

ಮೋಳೆ ಎಂದರೆ ಮಗಳೇ ಎಂದು. ಅತ್ತೆಗೂ ಬೇರೆ ಉಪಾಯ ಕಾಣಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಬಸುರಿಯನ್ನು ಒಡ್ಡಲು ಅವರು ಒಪ್ಪಲಿಲ್ಲ. ಮದುವೆ, ಬಯಕೆಗಳ ಸಮಯ, ಬೇರೆ ಟ್ಯಾಕ್ಸಿಗಳೂ ಖಾಲಿ ಇರಲಿಲ್ಲ. ಅಪ್ಪ, ಚಿಕ್ಕಮ್ಮ ಬಸ್ಸು ಹಿಡಿದು ವಾಪಸಾದರು. ಹೋಗುವ ಮೊದಲು ಅಪ್ಪ ನನ್ನ ತಲೆ ಮುಟ್ಟಿ, "ಕಾರು ಸರಿಯಾದ ಕೂಡಲೇ ಬಾ, ಅಮ್ಮ ಕಾಯ್ತಾ ಇರ್ತಾಳೆ" ಎಂದರು. ನಾನು ತಲೆ ಆಡಿಸಿದೆ. ಬೇಲಿಯ ತಡಮೆ ದಾಟಿ ಚೇಡತ್ತಿಯ ಜಗಲಿಗೆ ಹೋದೆ. ಅಲ್ಲಿಂದ ಕಾರು ಚೆನ್ನಾಗಿ ಕಾಣುತ್ತಿತ್ತು. ಮುಂದಿನ ದಿನಗಳಲ್ಲಿ ನನ್ನ ಕೆಲಸವೆಂದರೆ ಅದನ್ನು ನೋಡುವುದೊಂದೇ.

ಅತ್ತೆ ಮೂರು ಹೊತ್ತೂ ಬೇಲಿಯ ಮೇಲಿಂದ ಊಟ ಕಳುಹಿಸುತ್ತಿದ್ದರು. ದಾರಿಯಲ್ಲಿರುವವಳಿಗೆ ಬುತ್ತಿ ಕೊಡಬಾರದೆಂದು ಯಾವ ನಿಯಮವೂ ಇರಲಿಲ್ಲ. ಆದರೆ ಚೇಡತ್ತಿಯ ಅಡುಗೆಮನೆಯಲ್ಲಿ ಮರಗೆಣಸು ಬೇಯುತ್ತಿತ್ತು, ಕಲ್ಲಿನಲ್ಲಿ ಗಾಂಧಾರಿ ಮೆಣಸು ಅರೆಯುತ್ತಿದ್ದರು. ಬಯಕೆಯ ದಿನ ನನ್ನ ಮುಂದೆ ಬಡಿಸಿದ್ದ ಅಷ್ಟು ತಿಂಡಿಗಳಲ್ಲಿ ಯಾವುದೂ ನನಗೆ ಬೇಕೆನಿಸಿರಲಿಲ್ಲ. ಇದು ಬೇಕೆನಿಸಿತು. ಕೇಳಲು ಬಾಯಿ ಬರಲಿಲ್ಲ. ಚೇಡತ್ತಿ ನನ್ನ ಮುಖ ನೋಡಿ ತಟ್ಟೆ ತಂದಿಟ್ಟರು. ನಾನು ಎರಡು ಮನೆಯ ಊಟವನ್ನೂ ಪೂರ್ತಿ ಮಾಡುತ್ತಿದ್ದೆ. "ಚೇಡತ್ತಿಯ ಜಗಲಿಯ ಗಾಳಿ ಇವಳಿಗೆ ಹಿಡಿಸಿದೆ" ಎಂದರು ಅತ್ತೆ. ಸಂಜೆ ಆ ಮನೆಯಲ್ಲಿ ದೀಪ ಹಚ್ಚಿ ದೊಡ್ಡ ಪ್ರಾರ್ಥನೆ ನಡೆಯುತ್ತಿತ್ತು. ಚೇಡತ್ತಿ ಅದರ ನಡುವೆ ನನ್ನ ಹೆಸರು ಹೇಳಿ, ನನ್ನ ತಿಂಗಳು ಹೇಳಿ, ಕಾರಿನ ವಿಷಯವನ್ನೂ ಗಟ್ಟಿಯಾಗಿ ತಿಳಿಸುತ್ತಿದ್ದರು. ದೇವರ ಮುಂದೆಯೂ ತಲೆ ಎತ್ತಲಾಗದ ಹಾಗಾಯಿತು ನನಗೆ.

ಕಾರು ನೋಡಲು ಪುತ್ತೂರಿನಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ನಮ್ಮ ಕಡೆ ಮುಸಲ್ಮಾನರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಬ್ಯಾರಿ ಎಂದೇ ಕರೆಯುತ್ತಿದ್ದರು. ಅವರು ಕಾರಿನಡಿಗೆ ನುಗ್ಗಿ, ಬಹಳ ಹೊತ್ತು ಒಳಗೇ ಇದ್ದು, ಹೊರಗೆ ಬಂದು, ಹಿಂದಿನ ಆಕ್ಸಲ್ ತುಂಡಾಗಿದೆ, ಅದರ ಹೊರಗಿನ ಗೂಡೂ ಬಿರಿದಿದೆ, ಪೂರ್ತಿ ಬದಲಾಯಿಸಬೇಕು ಎಂದರು. ಮಂಗಳವಾರ ಪುತ್ತೂರಿನಲ್ಲಿ ಬಿಚ್ಚಿ ಹಾಕಿದ್ದ ಯಾವುದೋ ಹಳೆಯ ಕಾರಿನ ಆಕ್ಸಲನ್ನು ಬಸ್ಸಿನ ಮೇಲೆ ಹಾಕಿ ತಂದರು. ಎರಡು ಚಕ್ರಗಳ ನಡುವಿನ ಆ ಕಬ್ಬಿಣದ ದಂಡವನ್ನು ನಾಲ್ವರು ಹೊತ್ತು ಅಂಗಳಕ್ಕೆ ತಂದಾಗ ಅತ್ತೆ ಅದಕ್ಕೂ ಒಂದು ಹೂ ಇಟ್ಟರು.

ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಕಾರಿನ ಹೊಗೆ ಹೋಗುವ ಪೈಪು ಮುಂದಿನಿಂದ ಬಂದು, ಆಕ್ಸಲಿನ ಮೇಲೆ ಬಾಗಿ, ಹಿಂದಕ್ಕೆ ಹೋಗುತ್ತದೆ. ಹಳೆಯ ಆಕ್ಸಲ್ ಬದಿಯಿಂದ ಹೊರಗೆ ಬರಬೇಕಾದರೆ ಪೈಪು ದಾರಿ ಬಿಡಬೇಕು. ಆ ಪೈಪೋ, ಪೈಪೆನ್ನುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಟ್ಯಾಕ್ಸಿಯವರು ಹಾಲಿನ ಪುಡಿಯ ಡಬ್ಬಿಯ ತಗಡು ಸುತ್ತಿ, ತಂತಿ ಕಟ್ಟಿ, ಅದರ ಮೇಲೆ ಮತ್ತೆ ತಗಡು ಸುತ್ತಿ ವರ್ಷಗಟ್ಟಲೆ ಕಾಪಾಡಿಕೊಂಡು ಬಂದದ್ದು. ಬ್ಯಾರಿ ಬೆರಳಲ್ಲಿ ತಟ್ಟಿದರು. ಕೆಂಪು ಪುಡಿ ಉದುರಿತು.

"ಪೈಪಾ ಇದು? ಹಪ್ಪಳ ಮಾರಾಯ್ರೆ!"

"ಆಕ್ಸಲಿಗೆ ಎಂತ ಬೇಕಾದ್ರೂ ಮಾಡಿ ಬ್ಯಾರಿಗಳೇ," ಟ್ಯಾಕ್ಸಿಯವರು ಕೈಮುಗಿದರು. "ಪೈಪಿಗೆ ಮಾತ್ರ ಕೈ ಹಾಕ್ಬೇಡಿ. ಯಾರೂ ಮುಟ್ಟದ ಕಾರಣವೇ ಅದು ಉಳಿದದ್ದು."

"ಮುಟ್ಟದೆ ಹೇಗೆ? ಆಕ್ಸಲ್ ಬರುವ ದಾರಿಯಲ್ಲೇ ಮಲಗಿ ಉಂಟು ಅದು."

"ಹೇಗಾದ್ರೂ ತಪ್ಪಿಸಿ ತೆಗೀರಿ."

"ತಪ್ಪಿಸ್ಲಿಕ್ಕೆ ಇದೆಂತ ಸಾಲ ಕೊಟ್ಟವನಾ?" ಎಂದು ಬ್ಯಾರಿ ಮತ್ತೆ ಒಳಗೆ ನುಗ್ಗಿದರು.

ತಪ್ಪಿಸಲು ಅವರು ಪಟ್ಟ ಪಾಡು ನಾನು ಜಗಲಿಯಿಂದ ಕಂಡೆ. ಕಾರಿನ ಹಿಂಭಾಗವನ್ನು ಜಾಕಿಯಲ್ಲಿ ಎತ್ತಿ, ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಪೈಪಿಗೆ ಹಳೆಯ ಬೈರಾಸು ಟವೆಲು ಸುತ್ತಿ, ತೆಂಗಿನ ಹಗ್ಗ ಕಟ್ಟಿ, ಮೇಲಕ್ಕೆ ಎಳೆದು ನೋಡಿದರು. ಕಿರ್ ಎಂದು ಸದ್ದಾದದ್ದೇ ಟ್ಯಾಕ್ಸಿಯವರು "ಬೇಡ, ಬೇಡ" ಎಂದು ಹಗ್ಗ ಬಿಚ್ಚಿದರು. ಆಕ್ಸಲನ್ನೇ ಓರೆ ಮಾಡಿ ನೋಡಿದರು. ಒಂದು ತುದಿ ಬಂದರೆ ಇನ್ನೊಂದು ತುದಿ ಪೈಪಿನ ಬುಡಕ್ಕೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಪೈಪು ಅಲುಗದಂತೆ ಹಿಡಿಯಲು ನಿಮ್ಮ ಅಜ್ಜನನ್ನೇ ಕಾರಿನಡಿ ಮಲಗಿಸಿದರು. ಅವರೋ, ಹುಲ್ಲು ಕತ್ತಿ ಬಿಟ್ಟರೆ ಬೇರೆ ಕಬ್ಬಿಣ ಮುಟ್ಟಿದವರಲ್ಲ.

"ಗಟ್ಟಿ ಹಿಡೀಬೇಡಿ ಧಣಿ, ಮಗುವನ್ನು ಎತ್ತಿಕೊಂಡ ಹಾಗೆ ಹಿಡೀರಿ," ಬ್ಯಾರಿ ಒಳಗಿನಿಂದ ಹೇಳುವುದು ಕೇಳಿಸಿತು. "ಹೇಗೂ ಅಭ್ಯಾಸ ಆಗ್ಬೇಕಲ್ಲ."

ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ನಿಮ್ಮ ಅಜ್ಜ ಹೊರಗೆ ಬಂದರು. ಹುಬ್ಬು, ಮೀಸೆ, ಹಲ್ಲು ಎಲ್ಲ ಕೆಂಪು ತುಕ್ಕು. ನನ್ನ ಕಡೆ ನೋಡಿ ನಕ್ಕರು. ಮದುವೆಯಾದ ಮೇಲೆ ಎಲ್ಲರೆದುರು ಅವರು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಬ್ಯಾರಿ ತೀರ್ಪು ಕೊಟ್ಟರು. ಪೈಪನ್ನು ತಪ್ಪಿಸಿ ತೆಗೆಯುವುದು ಆಗುವ ಮಾತಲ್ಲ. ಪೈಪಿನ ನಡುವೆ ಇರುವ ಜೋಡಣೆಯ ನಟ್ಟುಗಳನ್ನು ಕಳಚಿ, ಹಿಂದಿನ ತುಂಡನ್ನು ಜೋಪಾನವಾಗಿ ಇಳಿಸಿ, ಆಮೇಲೆ ಮತ್ತೆ ಹಾಕಬೇಕು. ಆದರೆ ಆ ನಟ್ಟುಗಳು ಜಪ್ಪಯ್ಯ ಎಂದರೂ ತಿರುಗುತ್ತಿಲ್ಲ. ಸೀಮೆಎಣ್ಣೆ ಬಿಟ್ಟಾಯಿತು, ತೆಂಗಿನೆಣ್ಣೆ ಬಿಟ್ಟಾಯಿತು. ಬಲ ಹಾಕಿದರೆ ನಟ್ಟಿನ ಬದಲು ಪೈಪೇ ತಿರುಗುತ್ತಿದೆ. ಎಲ್ಲರೂ ಊಟಕ್ಕೆ ಎದ್ದರು. ಅತ್ತೆ ಬೇಲಿಯ ಹತ್ತಿರ ನನ್ನ ಬುತ್ತಿ ತಂದವರು, "ನಾಡಿದ್ದಿಗೆ ಎಂಟು ಬೀಳ್ತದೆ. ಹೋಗ್ಲಿಕ್ಕಾಗದಿದ್ರೆ ಇಲ್ಲಿಯೇ ನೋಡಿಕೊಳ್ಳುವ. ನಾನು ಇದ್ದೇನಲ್ಲ" ಎಂದು ಸಮಾಧಾನ ಹೇಳಿದರು. ಪಾಪ, ಪ್ರೀತಿಯಿಂದಲೇ ಹೇಳಿದ್ದು. ನನ್ನ ಕಣ್ಣಲ್ಲಿ ನೀರು ಬಂತು. ಅಂದು ಮರಗೆಣಸನ್ನೂ ತಟ್ಟೆಯಲ್ಲೇ ಬಿಟ್ಟೆ.

ಚೇಡತ್ತಿ ಅದನ್ನು ಕಂಡರು. ಎದ್ದು ಶೀಟು ಒತ್ತುವ ಕೊಟ್ಟಿಗೆಗೆ ಹೋಗಿ ಒಂದು ದೊಡ್ಡ ಬಾಟಲಿ ತಂದರು. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಆಸಿಡ್. ಹಾಲಿಗೆ ಹಾಕುವಾಗ ಅದಕ್ಕೆ ಬೇಕಾದಷ್ಟು ನೀರು ಬೆರೆಸುತ್ತಾರೆ.

"ನಮ್ಮ ರೋಲರಿನ ನಟ್ಟು ಹೀಗೇ ಕಚ್ಚಿತ್ತು ಮೋಳೆ. ಇದರ ನಾಲ್ಕು ಬಿಂದು ಹಾಕಿದೆ, ಬಿಟ್ಟುಕೊಂಡಿತು," ಎಂದರು. "ನೀನು ಒಳಗೆ ಹೋಗು, ಇದರ ಹೊಗೆ ನಿನಗೆ ಬೇಡ."

ನಾನು ಕಿಟಕಿಯಿಂದ ನೋಡಿದೆ. ಚೇಡತ್ತಿ ಮುಂಡು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ಗೆರಟೆಯಲ್ಲಿ ಆಸಿಡ್ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ಕಾರಿನಡಿಗೆ ತೂರಿದರು. ನಾಲ್ಕು ಬಿಂದು ಎಂದಿದ್ದರಲ್ಲ, ಅಲ್ಲಿ ಹೋದ ಮೇಲೆ ಮನಸ್ಸು ಬದಲಾಯಿಸಿರಬೇಕು. ಗೆರಟೆ ಪೂರ್ತಿ ಹೊಯ್ದರು. ಹೊರಗೆ ಬಂದು, ಮತ್ತೆ ತುಂಬಿಸಿಕೊಂಡು ಹೋಗಿ, ಪೈಪಿನ ಉದ್ದಕ್ಕೂ ಹೊಯ್ದರು. ಆಮೇಲೆ ನನಗೆ ಅದರ ವಿವರಣೆಯನ್ನೂ ಕೊಟ್ಟರು.

"ಹಾಲಿಗೇ ಅಷ್ಟು ಬೇಕು. ಇದು ಕಬ್ಬಿಣ ಅಲ್ಲವಾ, ಸ್ವಲ್ಪ ಹೆಚ್ಚು ಬೇಡವಾ?"

ಊಟ ಮಾಡಿ, ಅಡಿಕೆ ಜಗಿದು, ಒಂದಿಷ್ಟು ಅಡ್ಡಾಗಿ ಗಂಡಸರು ವಾಪಸು ಬಂದರು. ಬ್ಯಾರಿ ಮೂಗು ಸುರುಟಿಸಿ ಸುತ್ತ ನೋಡಿದರು. ಒಳಗೆ ಹೋಗಿ ಸ್ಪ್ಯಾನರ್ ಹಾಕಿದರು. ನಟ್ಟು ಬೆಣ್ಣೆಯಲ್ಲಿ ಸಿಕ್ಕಿಸಿದ ಹಾಗೆ ತಿರುಗಿತು. "ನೋಡಿದಿರಾ! ಇದಕ್ಕೆ ಕೈಗುಣ ಅಂತ ಹೇಳುದು!" ಎಂದು ಒಳಗಿನಿಂದ ಕೂಗಿದರು. ಟ್ಯಾಕ್ಸಿಯವರು ಆನಂದದಿಂದ ಬೀಡಿ ಹಚ್ಚಿದರು. "ಕೈಗುಣ ಅಲ್ಲ, ನಮ್ಮ ಆಸಿಡ್ಡಿನ ಗುಣ" ಎಂದು ಚೇಡತ್ತಿ ಬೇಲಿಯಿಂದ ಕೂಗಿ ಹೇಳಿದರು. ಬ್ಯಾರಿ "ಎಂತ ಆಸಿಡ್?" ಎಂದದ್ದೂ, ಪೈಪು ಬಿದ್ದದ್ದೂ ಒಟ್ಟಿಗೇ.

ದೊಡ್ಡ ಸದ್ದೇನೂ ಆಗಲಿಲ್ಲ. ಒಣಗಿದ ಹಾಳೆ ಅಡಿಕೆ ಮರದಿಂದ ಕಳಚಿದ ಹಾಗೆ ಹಿಂದಿನ ತುಂಡು ಬಿತ್ತು. ಅದರ ಹಿಂದೆ ನಡುವಿನ ತುಂಡು. ಅದರ ಹಿಂದೆ, ಸದ್ದು ಅಡಗಿಸುವ ಸೈಲೆನ್ಸರಿನ ಡಬ್ಬ. ಕೊನೆಗೆ ಹಾಲಿನ ಪುಡಿಯ ಡಬ್ಬಿಯ ತಗಡು, ತಂತಿ, ಮತ್ತೆ ತಗಡು... ತುಕ್ಕು ಹೋಗಲಿ ಎಂದು ಆಸಿಡ್ ಹಾಕಿದ್ದು. ಪೈಪಿನಲ್ಲಿ ತುಕ್ಕು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಟ್ಯಾಕ್ಸಿಯವರು ತಲೆಗೆ ಸುತ್ತಿದ್ದ ಬೈರಾಸನ್ನು ತೆಗೆದು ಹೆಗಲಿಗೆ ಹಾಕಿಕೊಂಡರು, ಹೆಣದ ಮುಂದೆ ನಿಂತ ಹಾಗೆ.

"ಎಂಡೆ ಮಾತಾವೇ!" ಎಂದು ಚೇಡತ್ತಿ ಮೇರಿಮಾತೆಯನ್ನು ಕರೆದರು. ಮರುಕ್ಷಣವೇ ಸ್ವರ ಬದಲಾಯಿತು. "ಬ್ಯಾರಿಗಳು ಅಷ್ಟು ಬಡಿಯಬಾರದಿತ್ತು."

"ನಾನೆಲ್ಲಿ ಬಡಿದದ್ದು? ನೀವು ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಾಕಿದ್ದಲ್ಲವಾ?"

"ಹೆಪ್ಪು ಹಾಕಿದರೆ ಗಟ್ಟಿಯಾಗುದು. ಇದು ಉದುರಿದ್ದು!"

ಟ್ಯಾಕ್ಸಿಯವರು ಯಾರನ್ನು ಬೈಯುವುದೆಂದು ತಿಳಿಯದೆ ನೀರಿನ ಕಣಿಯನ್ನು ಬೈದರು.

ಆದರೆ ಪೈಪು ಹೋದದ್ದರಿಂದ ದಾರಿ ತೆರೆದಿತ್ತು. ಹಳೆಯ ಆಕ್ಸಲ್ ಸರಾಗವಾಗಿ ಹೊರಗೆ ಬಂತು, ತಂದ ಆಕ್ಸಲ್ ಅಷ್ಟೇ ಸರಾಗವಾಗಿ ಒಳಗೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಚಕ್ರಗಳು ನೆಲ ಮುಟ್ಟಿದವು. ಟ್ಯಾಕ್ಸಿಯವರು ಇಂಜಿನ್ ಚಾಲೂ ಮಾಡಿದರು.

ಮಕ್ಕಳೇ, ಆ ಸದ್ದನ್ನು ನಾನು ಹೇಗೆ ಬರೆಯಲಿ... ಗುಡ್ಡಕ್ಕೆ ಸಿಡಿಮದ್ದು ಇಟ್ಟ ಹಾಗೆ, ನಿಲ್ಲದೆ. ಕೋಳಿಗಳು ಮಾಡಿಗೆ ಹಾರಿದವು. ಹಟ್ಟಿಯಲ್ಲಿ ದನಗಳು ಹಗ್ಗ ಜಗ್ಗಿದವು. ಅತ್ತೆಯ ಕೈಯಿಂದ ಅಕ್ಕಿ ಕೇರುವ ಗೆರಸೆ ಬಿತ್ತು. ಇಂಜಿನ್ ನಿಲ್ಲಿಸಿದ ಮೇಲೆ ಯಾರು ಏನು ಹೇಳಿದರೂ ಸ್ವಲ್ಪ ಹೊತ್ತು ಯಾರಿಗೂ ಕೇಳಿಸಲಿಲ್ಲ.

"ಓಡ್ಲಿಕ್ಕೆ ಎಂತ ತೊಂದರೆ ಇಲ್ಲ. ಕಿಟಕಿ ಎಲ್ಲ ತೆರೆದಿಡಿ, ಹೊಗೆ ಒಳಗೆ ಬರಬಾರದು. ಸದ್ದು ಮಾತ್ರ..." ಎಂದು ಬ್ಯಾರಿ ಕೈ ಒರೆಸಿಕೊಂಡರು. ಅಳತೆಯ ಪೈಪು ಸಿಗಬೇಕಾದರೆ ಮಂಗಳೂರಿಗೇ ಹೇಳಿಕಳುಹಿಸಬೇಕಂತೆ, ವಾರವಾದರೂ ಬೇಕಂತೆ. ಟ್ಯಾಕ್ಸಿಯವರು ಈ ಸದ್ದಿನಲ್ಲಿ ಪೇಟೆ ದಾಟಿದರೆ ತಮ್ಮ ಮರ್ಯಾದೆ ಹೋಗುತ್ತದೆ ಎಂದರು. ಅತ್ತೆ ಈ ಸದ್ದಿಗೆ ಹೊಟ್ಟೆಯ ಮಗು ಬೆಚ್ಚುತ್ತದೆ ಎಂದರು. ನಿಮ್ಮ ಅಜ್ಜ ಎಲ್ಲರೂ ಹೇಳುವುದು ಸರಿ ಎಂಬಂತೆ ನಿಂತಿದ್ದರು. "ಸಾಕು, ಇಲ್ಲೇ ಇರ್ಲಿ" ಎಂದು ಅತ್ತೆ ಮುಗಿಸುವವರಿದ್ದರು.

"ನಾನು ಹೋಗ್ತೇನೆ," ಎಂದೆ.

ಯಾರಿಗೂ ಕೇಳಿಸಲಿಲ್ಲ. ನನ್ನ ಸ್ವರವೇ ಅಷ್ಟು. ಪಕ್ಕದಲ್ಲಿ ನಿಂತಿದ್ದ ಚೇಡತ್ತಿಗೆ ಮಾತ್ರ ಕೇಳಿಸಿತು. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ಬೇಲಿಯ ಕಡೆ ತಿರುಗಿ ಇಡೀ ಗುಡ್ಡಕ್ಕೆ ಕೇಳಿಸುವ ಹಾಗೆ ಹೇಳಿದರು: "ಅವಳು ಹೋಗ್ತಾಳಂತೆ! ಜೊತೆಗೆ ನಾನು ಹೋಗ್ತೇನೆ. ಪೈಪು ಬೀಳ್ಸಿದ್ದು ನಾನಲ್ಲವಾ!" ಬ್ಯಾರಿ ಬೇಲಿಯತ್ತ ಕೈ ತೋರಿಸಿ, "ಈಗ ಒಪ್ಪಿಕೊಂಡಿರಲ್ಲ!" ಎಂದರು.

ಗುರುವಾರ ಬೆಳಿಗ್ಗೆ ಹೊರಟೆವು. ಅತ್ತೆ ಗೇಟಿನ ತನಕ ಬಂದು, ನನ್ನ ಕಿವಿಗೆ ಹತ್ತಿ ತುರುಕಿ, ಸ್ವಲ್ಪ ಯೋಚಿಸಿ ಹೊಟ್ಟೆಯ ಮೇಲೂ ಒಂದು ದಪ್ಪ ಹೊದಿಕೆ ಹಾಕಿದರು. ಒಳಗಿರುವವನ ಕಿವಿಗೂ ಏನಾದರೂ ಬೇಕಲ್ಲ! ನಿಮ್ಮ ಅಜ್ಜ ಮುಂದೆ ಕೂತರು. ಹಿಂದೆ ನಾನು, ನನ್ನ ಪಕ್ಕ ಕಿಟಕಿಯ ಕಡೆಗೆ ಚೇಡತ್ತಿ. ಭಾನುವಾರ ಇಗರ್ಜಿಯ ಪ್ರಾರ್ಥನೆಗೆ ಹೋಗುವಾಗ ಹೊದೆಯುವ ಜರಿಯಂಚಿನ ಬಿಳಿ ವಸ್ತ್ರವನ್ನು ಹೊದ್ದಿದ್ದರು.

ಊರಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಬೇಕೆಂದು ಬಯಸುವ ನನ್ನಂಥವಳನ್ನು, ಹೂ ಮುಡಿಸಿ, ಆ ಕಾರಿನಲ್ಲಿ ಕೂರಿಸಿದರೆ ಹೇಗಿರಬಹುದು! ನಾವು ಬರುವುದು ನಾವು ಬರುವ ಎಷ್ಟೋ ಮೊದಲೇ ಎಲ್ಲರಿಗೂ ತಿಳಿಯುತ್ತಿತ್ತು. ಪಂಜದಲ್ಲಿ ಶಾಲೆಯ ಮಕ್ಕಳು ಪಾಠ ಬಿಟ್ಟು ಬೇಲಿಗೆ ಬಂದು ನಿಂತಿದ್ದರು, ಅವರ ಹಿಂದೆ ಮಾಸ್ತರರು. ಬೆಳ್ಳಾರೆಯಲ್ಲಿ ಹೋಟೆಲಿನಿಂದ ಗಿರಾಕಿಗಳು ಚಹಾದ ಗ್ಲಾಸು ಹಿಡಿದೇ ರಸ್ತೆಗಿಳಿದರು. ಎಲ್ಲರ ಕಣ್ಣೂ ಕಾರಿನೊಳಗೆ. ಹೊಟ್ಟೆಯ ಮೇಲಿನ ಹೊದಿಕೆಯನ್ನು ನಾನು ಗಲ್ಲದವರೆಗೆ ಎಳೆದುಕೊಂಡೆ.

ಚೇಡತ್ತಿ ನನ್ನ ಕಿವಿಯ ಹತ್ತಿ ತೆಗೆದು, ಬಾಯಿ ಹತ್ತಿರ ತಂದು ಹೇಳಿದರು. "ನೀನು ತಲೆ ಬಗ್ಗಿಸಿ ಕೂತ್ಕೋ ಮೋಳೆ. ನೋಡುವವರು ನನ್ನನ್ನು ನೋಡ್ಲಿ."

ಹೇಳಿದವರೇ ಕಿಟಕಿಗೆ ಅಡ್ಡವಾಗಿ ಸರಿದು ಕೂತು, ಅರ್ಧ ಮೈ ಹೊರಗೆ ಹಾಕಿ, ಜನರಿಗೆ ಕೈ ಬೀಸತೊಡಗಿದರು. ಓಟು ಕೇಳಲು ಬಂದವರ ಹಾಗೆ. ಒಬ್ಬರನ್ನೂ ಬಿಡಲಿಲ್ಲ. ಜನ ಮೊದಲು ಬೆಪ್ಪಾದರು, ಆಮೇಲೆ ನಕ್ಕರು, ಕೆಲವರು ತಿರುಗಿ ಕೈ ಬೀಸಿದರು. ಕಿವಿಯ ಬಂಗಾರದ ಬಳೆ ಅಲ್ಲಾಡಿಸುತ್ತಾ ನಗುತ್ತಿದ್ದ ಆ ದೊಡ್ಡ ಹೆಂಗಸಿನ ಬೆನ್ನ ಹಿಂದೆ ಒಬ್ಬಳು ಬಸುರಿ ಇದ್ದಾಳೆಂದು ಯಾರಿಗೂ ಕಾಣಿಸಿರಲಿಕ್ಕಿಲ್ಲ. ಸುಳ್ಯ ಪೇಟೆಯಲ್ಲಿ ಪೊಲೀಸರೊಬ್ಬರು ರಸ್ತೆಯ ನಡುವೆ ಬಂದು ಕೈ ಅಡ್ಡ ಹಿಡಿದರು. ಟ್ಯಾಕ್ಸಿಯವರ ಮುಖ ಬಿಳಿಚಿತು. ಚೇಡತ್ತಿ ಕಿಟಕಿಯಿಂದ, "ಹೆರಿಗೆ ಸಾರ್! ಹೆರಿಗೆ!" ಎಂದು ಕಿರುಚಿದರು. ಕಾರಿನ ಸದ್ದನ್ನೂ ಮೀರಿ ಕೇಳಿಸಿರಬೇಕು. ಆ ಪುಣ್ಯಾತ್ಮರು ಗಾಬರಿಯಾಗಿ ತಾವೇ ಮುಂದೆ ಓಡಿ, ಒಂದು ಎತ್ತಿನ ಗಾಡಿಯನ್ನೂ ಎರಡು ಸೈಕಲ್ಲುಗಳನ್ನೂ ಬದಿಗೆ ಸರಿಸಿ ನಮಗೆ ದಾರಿ ಮಾಡಿಕೊಟ್ಟರು. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. ಚೇಡತ್ತಿ ಹೇಳಿದ್ದರಲ್ಲಿ ಸುಳ್ಳಂತೂ ಇರಲಿಲ್ಲ, ಯಾವಾಗ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ನನಗೆ ಆಗ ನಗು ಬಂತು. ನಾಚಿಕೆಯ ನಡುವೆಯೇ ಬಂತು. ಚೇಡತ್ತಿಯ ಬೆನ್ನಿಗೆ ಹಣೆಯಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಆ ಬಿಳಿ ವಸ್ತ್ರದಲ್ಲೂ ಆಸಿಡ್ಡಿನ ಘಾಟಿತ್ತು.

ನನ್ನ ತವರಿನ ತಿರುವಿನಲ್ಲಿ ಅಮ್ಮ ರಸ್ತೆಗೇ ಬಂದು ನಿಂತಿದ್ದಳು. ಸದ್ದು ಕೇಳಿ, ಏನೋ ಎಂದು ಹೆದರಿ ಓಡಿ ಬಂದದ್ದಂತೆ. ನಾನು ಇಳಿದದ್ದೇ ಅಮ್ಮ ನನ್ನನ್ನು ತಬ್ಬಿಕೊಂಡಳು. "ಹೊಟ್ಟೆಗೆ ಎಂತ ಆಗ್ಲಿಲ್ಲ ಅಮ್ಮಾ, ಕಿವಿಗೆ ಮಾತ್ರ ಸ್ವಲ್ಪ," ಎಂದು ಚೇಡತ್ತಿ ವರದಿ ಕೊಟ್ಟರು. ಅಮ್ಮನಿಗೆ ಕನ್ನಡ ಅಷ್ಟಕ್ಕಷ್ಟೆ, ಮಲಯಾಳ ಇಲ್ಲವೇ ಇಲ್ಲ. ಚೇಡತ್ತಿಗೆ ಅಮ್ಮನ ತುಳು ಪೂರ್ತಿ ಸಿಗುತ್ತಿರಲಿಲ್ಲ. ಆದರೂ ಇಬ್ಬರೂ ಮಧ್ಯಾಹ್ನದವರೆಗೆ ಒಂದೇ ಸಮನೆ ಮಾತಾಡಿದರು.

ಎರಡು ತಿಂಗಳ ಮೇಲೆ ನಿಮ್ಮ ದೊಡ್ಡಪ್ಪ ಹುಟ್ಟಿದ. ನಾನು ಕೂಗಿದೆ, ಹೊಟ್ಟೆ ತುಂಬ ಕೂಗಿದೆ. ಅಮ್ಮ ನನ್ನ ಕೈ ಹಿಡಿದುಕೊಂಡು, "ಕೂಗು, ಇನ್ನೂ ಜೋರು ಕೂಗು" ಎನ್ನುತ್ತಿದ್ದಳು. ಮಗು ನನಗಿಂತಲೂ ಜೋರಾಗಿ ಅತ್ತಿತು. ನೋಡಲು ಬಂದ ಚೇಡತ್ತಿ ಅದನ್ನು ಎತ್ತಿಕೊಂಡು, "ಇವನಿಗೂ ಸೈಲೆನ್ಸರ್ ಹಾಕ್ಲಿಲ್ಲವಾ?" ಎಂದರು. ನಿಮ್ಮ ದೊಡ್ಡಪ್ಪ ಫೋನಿನಲ್ಲಿ ಮಾತಾಡುವುದನ್ನು ಕೇಳಿದವರಿಗೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ.

ಎಂಬತ್ತರ ದಶಕದ ನಡುವೆ ಚೇಡತ್ತಿ ತೋಟ ಮಾರಿ ವಯನಾಡಿನ ಕಡೆ ಮಗಳ ಮನೆಗೆ ಹೋದರು. ಒಂದೆರಡು ವರ್ಷ ಕ್ರಿಸ್ಮಸ್ಸಿಗೆ ನೆಲ್ಯಾಡಿಯ ನೆಂಟರ ಕೈಯಲ್ಲಿ ಕೇಕು ಬರುತ್ತಿತ್ತು. ಆಮೇಲೆ ಅದೂ ನಿಂತಿತು... ನಾನೇ ಹೋಗಿ ಹುಡುಕುವಷ್ಟು ಧೈರ್ಯ ನನಗೆಲ್ಲಿತ್ತು. ಬೇಲಿಯಾಚೆ ಈಗ ಇರುವವರಿಗೆ ಅವರ ಹೆಸರೂ ಗೊತ್ತಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು, ಅವರನ್ನು ಮಣ್ಣು ಮಾಡಿ ಒಂದು ವರ್ಷ ಕಳೆದ ಮೇಲೆ, ಕಡಬ ಪೇಟೆಯಲ್ಲಿ ಯಾರೋ ಮಾತಿನ ನಡುವೆ ಹೇಳಿ.

ನಿಮ್ಮ ಅಜ್ಜ ಹೋದ ದಿನ ನಿಮಗೆ ನೆನಪಿರಬಹುದು. ಅಂಗಳ, ಜಗಲಿ ಎಲ್ಲ ಜನ. ಬಂದವರೆಲ್ಲ ಮೊದಲು ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಅಷ್ಟು ಕಣ್ಣುಗಳು. ನೀವೆಲ್ಲ ನನ್ನ ಅಕ್ಕಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದಿರಿ, ಇಲ್ಲವೆನ್ನುವುದಿಲ್ಲ. ನನಗೆ ಬೇಕಿದ್ದದ್ದು ಮುಂದೆ ಅಡ್ಡ ಕೂರುವ ಒಂದು ಅಗಲವಾದ ಬೆನ್ನು.